ಅಯ್ಯನವರ ಮನೆಗೆ ಅತಿಥಿಯಾಗಿ

ಧಾರವಾಡ ಪೇಡವನ್ನು ಮೊದಲು ಸೂಟ್‌ಕೇಸಿನಿಂದ ಹೊರಗೆ ತೆಗೆಯಿರಿ. ಪುಣೆ, ಮುಂಬೈಯಿಂದ ಜರ್ಮನಿಯ ಪ್ರಾಟೆಸ್ಟಂಟ್ ಪಾದ್ರಿಗಳ ಮನೆಗೆ ಹೊರಟ ಕನ್ನಡದ ಕುಟುಂಬಕ್ಕೆ ಹೇಳಬೇಕಾದ ಮೊದಲ ಮಾತು ಇದು. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಒಯ್ಯುವಂತಿಲ್ಲ. ತುಪ್ಪ, ಖೋವಾ, ಬೆಳಗಾವಿ ಕುಂದಾ ಎಲ್ಲವನ್ನೂ ಇದೇ ಸಾಲಿಗೆ ಸೇರಿಸಿಕೊಳ್ಳುವುದು ಲೇಸು. ಹಸಿ ಕರಿಬೇವು, ಮಾವಿನಹಣ್ಣಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅದಿಲ್ಲದಿದ್ದರೆ ಅವು ವಿಮಾನ ನಿಲ್ದಾಣದಲ್ಲೇ ಉಳಿಯುತ್ತವೆ. ಲೋನಾವಳದ ಶೇಂಗಾ ಚಿಕ್ಕಿ, ಗೋವಾದ ಗೋಡಂಬಿ, ಕಾಫಿಪುಡಿ ಹೋಗುತ್ತವೆ. ಶೇಂಗಾ ಒಗ್ಗದವರು ಮನೆಯಲ್ಲಿದ್ದಾರೆಯೇ ಎಂದು ಮುಂಚೆಯೇ ಬರೆದು ಕೇಳಿ, ಅಲ್ಲಿನ ಮಕ್ಕಳಲ್ಲಿ ಅದು ಅಪರೂಪವಲ್ಲ.

ಇವೆಲ್ಲಕ್ಕಿಂತ ಒಳ್ಳೆಯ ಉಡುಗೊರೆ ಕಸೂತಿ ಹಾಕಿದ ಒಂದು ಸಣ್ಣ ಮೇಜುವಸ್ತ್ರ. ಗವಂತಿ, ಮುರ್ಗಿ ಹೊಲಿಗೆಗಳು ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುತ್ತವೆ, ದಾರಕ್ಕೆ ಗಂಟು ಹಾಕುವುದಿಲ್ಲ. ಅದನ್ನು ತಿರುಗಿಸಿ ತೋರಿಸುವುದರಲ್ಲೇ ಅರ್ಧ ಗಂಟೆಯ ಮಾತು ಹುಟ್ಟುತ್ತದೆ. ದುಬಾರಿ ರೇಷ್ಮೆ, ಬೆಳ್ಳಿ ಬೇಡ. ಅಲ್ಲಿನ ಪಾದ್ರಿಗಳು ಸಣ್ಣಪುಟ್ಟದ್ದನ್ನು ಬಿಟ್ಟು ಬೇರೆ ಕೊಡುಗೆ ಸ್ವೀಕರಿಸಬಾರದೆಂಬ ಸೇವಾನಿಯಮವಿದೆ. ನಿಮ್ಮ ಪ್ರೀತಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು.

ವೀಸಾದ ವಿಷಯ ಚುಟುಕಾಗಿ ಮುಗಿಸುತ್ತೇನೆ. ಜರ್ಮನಿಗೆ ಬೇಕಾದ ಶೆಂಗೆನ್ ವೀಸಾಗೆ ಪ್ರಯಾಣದ 6 ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ಆರೋಗ್ಯ ವಿಮೆ ಕಡ್ಡಾಯ. ಖರ್ಚು ನಿಮ್ಮದೇ ಆದರೆ ಆ ಮನೆಯವರದೊಂದು ಸರಳ ಆಹ್ವಾನ ಪತ್ರ ಸಾಕು. ಖರ್ಚು ಅವರೇ ಹೊರುವುದಾದರೆ ಅವರು ತಮ್ಮೂರಿನ ವಿದೇಶಿಗರ ಕಚೇರಿಗೆ ಹೋಗಿ, ಆದಾಯದ ದಾಖಲೆ ತೋರಿಸಿ, ನಿಮ್ಮ ಹೊಣೆ ತಮ್ಮದೆಂದು ಕಾನೂನುಬದ್ಧವಾಗಿ ಬರೆದುಕೊಡಬೇಕಾಗುತ್ತದೆ. ನಿಮಗೆ ಆಸ್ಪತ್ರೆಯ ಖರ್ಚು ಬಂದರೂ ಅದು ಅವರ ತಲೆಯ ಮೇಲೆ. ಹೊಸ ಪರಿಚಯದವರ ಹತ್ತಿರ ಇದನ್ನು ಕೇಳುವ ಮೊದಲು ಎರಡು ಸಲ ಯೋಚಿಸಿ.

ಜರ್ಮನಿಯೇ ಏಕೆ, ಅದರಲ್ಲೂ ಸ್ಟುಟ್‌ಗಾರ್ಟ್ ಇರುವ ವ್ಯುರ್ಟೆಂಬೆರ್ಗ್ ಸೀಮೆ ಏಕೆ? ಸ್ಟುಟ್‌ಗಾರ್ಟ್ 1968ರಿಂದ ಮುಂಬೈಯ ಸೋದರ ನಗರ. ಪುಣೆಯ ಚಾಕಣದಲ್ಲಿ ಮರ್ಸಿಡಿಸ್ ಕಾರ್ಖಾನೆ ಇದೆ, ಅದರ ಮೂಲಮನೆ ಸ್ಟುಟ್‌ಗಾರ್ಟ್. ಮಗನೋ ಸೊಸೆಯೋ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಹತ್ತಿರದ ಸಭೆಯ (ಅಂದರೆ ಚರ್ಚಿನ) ಪಾದ್ರಿ ಕುಟುಂಬದ ಪರಿಚಯವಾಗಿ, ಊರಿನಿಂದ ತಂದೆ ತಾಯಿ ಬಂದಾಗ ಅವರನ್ನೂ ಕರೆಯುವುದು ಸಾಮಾನ್ಯ. ಆದರೆ ಕನ್ನಡಿಗರಿಗೆ ಆ ಸೀಮೆಯ ನಂಟು ಇದಕ್ಕಿಂತ ಹಳೆಯದು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಮೊದಲ ಮೂವರು, ಅಂದರೆ ಹೆಬಿಕ್, ಲೇನರ್, ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಹುಟ್ಟಿದ್ದು ಇದೇ ವ್ಯುರ್ಟೆಂಬೆರ್ಗಿನ ಬ್ರಾಕನ್‌ಹೈಮಿನಲ್ಲಿ, ತೀರಿಕೊಂಡದ್ದು ಎಸ್ಲಿಂಗನ್ನಿನಲ್ಲಿ. 1894ರ ನಿಘಂಟಿನ ಕಿಟೆಲ್ ಕೊನೆಯುಸಿರೆಳೆದದ್ದು 1903ರಲ್ಲಿ, ಟ್ಯುಬಿಂಗನ್ನಿನಲ್ಲಿ. ಅಲ್ಲಿನ ಸಭಿಕರಿಗೆ ಸಾಮಾನ್ಯವಾಗಿ ಇದರ ಅರಿವಿರುವುದಿಲ್ಲ. ನೀವು ಹೇಳಿದಾಗ ಅವರ ಮುಖದಲ್ಲಿ ಬರುವ ಬೆರಗನ್ನು ನೋಡಬೇಕು: ತಮ್ಮೂರಿನವನೊಬ್ಬ ಬೇರೆ ನಾಡಿನ ನುಡಿಗೆ ಪತ್ರಿಕೆ ಕೊಟ್ಟಿದ್ದಾನೆ!

ಈ ಕಡೆಯಿಂದ ಹೋದವರೂ ಇದ್ದಾರೆ. ಮಂಗಳೂರಿನ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಬಾಸೆಲ್ಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂತಿರುಗಿದರು. ಮುಂದೆ ಜರ್ಮನ್ ಹೆಣ್ಣನ್ನೇ ಮದುವೆಯಾದರು. ಮಿಶನ್ನಿನ ದಾಖಲೆ ನೋಡಬೇಕೆಂದರೆ ಬಾಸೆಲ್ಲಿನ ಮಿಶನ್ ರಸ್ತೆಯ 21ನೇ ಸಂಖ್ಯೆಯ ಮನೆಗೆ ಹೋಗಬೇಕು. ಸಂಸ್ಥೆಯ ಈಗಿನ ಹೆಸರು ‘ಮಿಶನ್ 21’ರಲ್ಲಿ ಆ ವಿಳಾಸದ ಸಂಖ್ಯೆಯೇ ಇದೆ. ಮುಂಚಿತವಾಗಿ ಬರೆದು ದಿನ ಗೊತ್ತುಮಾಡಿಕೊಳ್ಳಿ. ಹಳೆಯ ಕಾಗದಗಳು ಕುರೆಂಟ್ ಎಂಬ ಕೈಬರಹದಲ್ಲಿವೆ, ಇಂದಿನ ಜರ್ಮನ್ನರೇ ಹೆಚ್ಚಿನವರು ಅದನ್ನು ಓದಲಾರರು. ಪಾದ್ರಿ ಕುಟುಂಬದಲ್ಲಿ ವಯಸ್ಸಾದ ಹಿರಿಯರೊಬ್ಬರಿಗೆ ಅದು ಬರುವುದುಂಟು, ಕೇಳಿ ನೋಡಿ. ಪೂರ್ವಿಕರ ಕಾಲದ ಪಾದ್ರಿಯ ಗೋರಿ ಹುಡುಕುವ ಆಸೆಯಿದ್ದರೆ ಮೊದಲು ವಿಚಾರಿಸಿ ಹೊರಡಿ. ಅಲ್ಲಿ ಗೋರಿಯ ಜಾಗವನ್ನು ಇಂತಿಷ್ಟು ವರ್ಷಕ್ಕೆಂದು ಕೊಡುತ್ತಾರೆ, ಅವಧಿ ಮುಗಿದು ನವೀಕರಿಸುವವರಿಲ್ಲದಿದ್ದರೆ ಕಲ್ಲು ತೆಗೆದುಬಿಡುತ್ತಾರೆ.

ಇನ್ನು ಮನೆಯೊಳಗೆ. ಪಾದ್ರಿಯ ಮನೆ ಸಭೆಯದು, ಕೆಲಸ ಇರುವವರೆಗೆ ವಾಸ. ಅನೇಕ ಕಡೆ ಕೆಳಗೆ ಕಚೇರಿ, ಮೇಲೆ ಸಂಸಾರ. ಸಾವಿನ ಸುದ್ದಿ ತಂದವರು, ಮದುವೆ ಗೊತ್ತುಮಾಡುವವರು, ಹಸಿದವರು, ಎಲ್ಲರೂ ಒತ್ತುವುದು ಅದೇ ಗಂಟೆ. ವಾರದ ಲಯ ನಮ್ಮದಕ್ಕಿಂತ ಬೇರೆ. ಶನಿವಾರ ಸಂಜೆ ಪ್ರಸಂಗದ (ಆರಾಧನೆಯ ಉಪದೇಶದ) ತಯಾರಿ, ಭಾನುವಾರ ದುಡಿಮೆ, ಬುಧವಾರ ಮಧ್ಯಾಹ್ನ ಹರೆಯದ ಮಕ್ಕಳಿಗೆ ನಂಬಿಕೆಯ ದೃಢೀಕರಣದ ತರಗತಿ, ಹೆಚ್ಚಿನವರಿಗೆ ಸೋಮವಾರ ರಜೆ. ಊರು ಸುತ್ತುವುದನ್ನು ಶನಿವಾರ ಭಾನುವಾರಕ್ಕೆ ಹಾಕಿಕೊಂಡರೆ ಆ ಕುಟುಂಬಕ್ಕೆ ಉಸಿರಾಡಲು ಬಿಡುವಿರುವುದಿಲ್ಲ. ಮಂಗಳವಾರ ಬಂದು ಮುಂದಿನ ಮಂಗಳವಾರ ಹೊರಡುವುದು ಅನುಕೂಲ: ಒಂದು ಭಾನುವಾರದ ಆರಾಧನೆ, ಒಂದು ಸೋಮವಾರದ ವಿರಾಮ ಎರಡೂ ಸಿಗುತ್ತವೆ.

ನಮ್ಮ ಕಡೆ ಪಾದ್ರಿಗಳನ್ನು ‘ಅಯ್ಯನವರು’ ಎನ್ನುತ್ತೇವೆ, ಅವರ ಪತ್ನಿಯನ್ನು ‘ಅಮ್ಮನವರು’. ಸ್ತ್ರೀಯರ ಸಂಘ, ಭಾನುವಾರದ ಶಾಲೆ, ಬಂದವರಿಗೆ ಚಹಾ ಎಲ್ಲ ಅಮ್ಮನವರ ಹೆಗಲಿಗೆ. ಆ ನಿರೀಕ್ಷೆಯನ್ನು ಇಲ್ಲೇ ಬಿಟ್ಟುಹೋಗಿ. ಅಲ್ಲಿ ಪಾದ್ರಿಯೇ ಹೆಂಗಸಾಗಿರಬಹುದು, ಅವರ ಗಂಡ ಶಾಲಾ ಮೇಷ್ಟ್ರಾಗಿರಬಹುದು. ಇಬ್ಬರೂ ಪಾದ್ರಿಗಳಾಗಿ ಒಂದೇ ಹುದ್ದೆಯನ್ನು ಅರ್ಧರ್ಧ ಹಂಚಿಕೊಂಡಿರುವ ದಂಪತಿಗಳೂ ಇದ್ದಾರೆ. ನೇರವಾಗಿ ಹೆಂಗಸರನ್ನೇ ಮಾತಾಡಿಸಿ, ಅಡುಗೆಮನೆಯಲ್ಲಿ ಗಂಡಸನ್ನು ಕಂಡು ಅಚ್ಚರಿ ತೋರಬೇಡಿ. ಕರೆಯುವಾಗ ‘ಹೆರ್’, ‘ಫ್ರಾವ್’ ಸೇರಿಸಿ ಮನೆತನದ ಹೆಸರು ಹೇಳಿದರೆ ಸಾಕು. ನಮ್ಮ ನೀವು–ನೀನು ಹಾಗೆ ಅವರಲ್ಲಿ ಜೀ–ಡೂ ಇದೆ. ಜೀ ಇಂದ ಡೂಗೆ ಇಳಿಯಲು ಕರೆ ಕೊಡಬೇಕಾದವರು ವಯಸ್ಸಿನಲ್ಲಿ ಹಿರಿಯರು. ನೀವೇ ಹಿರಿಯರಾದರೆ ಆ ಹೆಜ್ಜೆ ನಿಮ್ಮದು; ನೀವು ಸುಮ್ಮನಿದ್ದರೆ ಅವರು ತಿಂಗಳಾದರೂ ಬಹುವಚನದಲ್ಲೇ ಕಾಯುತ್ತಾರೆ.

ಬಚ್ಚಲಲ್ಲಿ ಷವರಿನ ಗೂಡಿನಾಚೆ ನೀರು ಹೋಗಲು ನೆಲದಲ್ಲಿ ದಾರಿ ಇರುವುದಿಲ್ಲ. ಹೊರಗೆ ಚೆಲ್ಲಿದ ನೀರು ಕೆಳಗಿನ ಕಚೇರಿಯ ಮಾಳಿಗೆಗೆ ಇಳಿಯುತ್ತದೆ. ಸ್ನಾನವಾದ ಮೇಲೆ ಗಾಜಿನ ಮೇಲಿನ ನೀರನ್ನು ಅಲ್ಲೇ ತೂಗುಹಾಕಿದ ರಬ್ಬರ್ ಪಟ್ಟಿಯಿಂದ ಎಳೆದುಬಿಡಿ. ಅನೇಕ ಕಡೆ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು, ಒಣಗಿದರೆ ಬಿಳಿ ಕಲೆ ಕೂರುತ್ತದೆ.

ಅಡುಗೆಯ ಬಗ್ಗೆ ತುಸು ಹೆಚ್ಚು ಹೇಳಬೇಕು, ಏಕೆಂದರೆ ಗೆಳೆತನ ಬೆಳೆಯುವುದು ಅಲ್ಲೇ. ಅವರ ಬಿಸಿಯೂಟ ಸಾಮಾನ್ಯವಾಗಿ ಮಧ್ಯಾಹ್ನ. ಸಂಜೆ ಆರೇಳು ಗಂಟೆಗೆ ಬ್ರೆಡ್ಡು, ಚೀಸು, ತರಕಾರಿಯ ತಣ್ಣನೆ ಊಟ. ಅದನ್ನು ಅನಾದರ ಎಂದುಕೊಳ್ಳಬೇಡಿ. ಹಂದಿ, ದನದ ಮಾಂಸ ತಿನ್ನದವರು ಹೊರಡುವ ಮುಂಚೆಯೇ ಬರೆದು ತಿಳಿಸಿ, ಮೇಜಿನ ಮುಂದೆ ಕೂತು ಹೇಳಿದರೆ ಬಡಿಸುವವರಿಗೆ ನೋವಾಗುತ್ತದೆ. ಒಂದು ಹೊತ್ತು ನೀವೇ ಮಾಡುವುದಾದರೆ ಉಪ್ಪಿಟ್ಟು ಸುಲಭ, ಆದರೆ ರವೆ ನೋಡಿ ಕೊಳ್ಳಬೇಕು. ಅಂಗಡಿಯಲ್ಲಿ ಎರಡು ಬಗೆ ಇರುತ್ತದೆ. ‘ವೈಖ್‌ವೈಟ್ಸನ್’ ಎಂದಿರುವುದು ಮೆದು ಗೋಧಿಯದು, ಉಪ್ಪಿಟ್ಟು ಅಂಟಾಗಿ ಮುದ್ದೆಯಾಗುತ್ತದೆ. ‘ಹಾರ್ಟ್‌ವೈಟ್ಸನ್’ ಎಂದಿರುವ ಗಟ್ಟಿ ಗೋಧಿಯ ರವೆ ತನ್ನಿ. ಎಂಟು ಜನಕ್ಕೆ ಅರ್ಧ ಕಿಲೋ ರವೆ, ಒಂದೂಕಾಲು ಲೀಟರ್ ಕುದಿಯುವ ನೀರು, ಎರಡೇ ಹಸಿಮೆಣಸಿನಕಾಯಿ, ಅದೂ ಬೀಜ ತೆಗೆದು. ರವೆಯನ್ನು ಸಣ್ಣ ಉರಿಯಲ್ಲಿ ಆರೇಳು ನಿಮಿಷ ಹುರಿಯಿರಿ.

ಇಂಡಕ್ಷನ್ ಒಲೆಯಲ್ಲಿ ನಮ್ಮ ಗುಂಡುತಳದ ಅಲ್ಯೂಮಿನಿಯಂ ಒಗ್ಗರಣೆ ಸೌಟು ಕಾಯುವುದೇ ಇಲ್ಲ, ಹಿಡಿದುಕೊಂಡು ಹೋಗಿ ಪ್ರಯೋಜನವಿಲ್ಲ. ಇಂಡಕ್ಷನ್ ಅಲ್ಲದ ಗಾಜಿನ ಮೇಲ್ಮೈಯ ಒಲೆಯಾದರೆ ಆರಿಸಿದ ಮೇಲೂ ಬಿಸಿ ಉಳಿದಿರುತ್ತದೆ. ಸಾಸಿವೆ ಸಿಡಿದ ಕೂಡಲೇ ಬಾಣಲೆಯನ್ನು ಎತ್ತಿ ಬದಿಗಿಡದಿದ್ದರೆ ಒಗ್ಗರಣೆ ಸೀದುಹೋಗುತ್ತದೆ. ಒಣಮೆಣಸಿನಕಾಯಿಯ ಘಾಟು ಹೊಗೆಯಾದರೆ ಅಡುಗೆಮನೆಯ ಹೊರಗಿನ ಕಾರಿಡಾರಿನಲ್ಲಿರುವ ಹೊಗೆ ಎಚ್ಚರಿಕೆ ಯಂತ್ರ ಕೂಗುತ್ತದೆ. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು ಮಾಡಿ. ಊಟವಾದ ಮೇಲೆ ಪಾತ್ರೆ ಒರೆಸುವ ಬಟ್ಟೆ ಕೈಗೆತ್ತಿಕೊಳ್ಳಿ. ಸೋಫಾದ ಮೇಲೆ ಎದುರುಬದುರು ಕೂತಾಗ ಕೇಳಲಾಗದ ಪ್ರಶ್ನೆಗಳನ್ನು ಜನ ಸಿಂಕಿನ ಪಕ್ಕದಲ್ಲಿ ನಿಂತು ಕೇಳುತ್ತಾರೆ. ನಿಮ್ಮ ಸಭೆಯಲ್ಲಿ ಜಾತಿ ಉಳಿದಿದೆಯೇ? ಇಲ್ಲಿನ ಬೆಂಚುಗಳು ಖಾಲಿಯಾಗುತ್ತಿರುವುದನ್ನು ನೋಡಿ ನಿಮಗೇನನಿಸುತ್ತದೆ? ಎರಡಕ್ಕೂ ಮುಚ್ಚುಮರೆಯಿಲ್ಲದ ಉತ್ತರ ಕೊಡಿ. ನಮ್ಮ ದೇವಾಲಯಗಳು ತುಂಬಿವೆ ಎಂದು ಅವರಿಗೆ ಬುದ್ಧಿ ಹೇಳಲು ಹೋಗುವುದು ಮಾತ್ರ ಕೂಡದು. ಖಾಲಿ ಬೆಂಚಿನ ಮುಂದೆ ಪ್ರತಿ ವಾರ ನಿಷ್ಠೆಯಿಂದ ನಿಲ್ಲುವವರ ನೋವು ನಮಗೆ ಗೊತ್ತಿಲ್ಲ.

ಭಾನುವಾರದ ಆರಾಧನೆ ಮುಂಬೈಯ ಸಿಎನ್‌ಐ (ಉತ್ತರ ಭಾರತ ಸಭೆ) ದೇವಾಲಯಕ್ಕೆ ಒಗ್ಗಿದವರಿಗೆ ಬೋಳು ಅನಿಸಬಹುದು. ವ್ಯುರ್ಟೆಂಬೆರ್ಗಿನ ಸಭೆ ಲೂಥರನ್ ನಂಬಿಕೆಯದಾದರೂ ಆರಾಧನೆಯ ಕ್ರಮ ಸರಳ ಪ್ರಸಂಗದ್ದು. ಮೊಣಕಾಲೂರುವುದಿಲ್ಲ, ಪ್ರತಿವಚನಗಳು ಕಡಿಮೆ. ಹಾಡುವಾಗ ಕೂತಿರುತ್ತಾರೆ, ಪ್ರಾರ್ಥನೆಗೆ ಏಳುತ್ತಾರೆ. ಹಾಡುಗಳ ಸಂಖ್ಯೆ ಗೋಡೆಯ ಹಲಗೆಯ ಮೇಲಿರುತ್ತದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳುವಾಗ ಅನೇಕ ಊರುಗಳಲ್ಲಿ ದೇವಾಲಯದ ಗಂಟೆಯೊಂದನ್ನು ಬಾರಿಸುತ್ತಾರೆ, ಮನೆಯಲ್ಲಿ ಹಾಸಿಗೆ ಹಿಡಿದವರಿಗೂ ಆ ಗಳಿಗೆ ತಿಳಿಯಲೆಂದು. ಕಾಣಿಕೆಯನ್ನು ಹೆಚ್ಚಾಗಿ ಹೊರಹೋಗುವ ಬಾಗಿಲಲ್ಲಿ ಹಾಕುತ್ತಾರೆ, ಚಿಲ್ಲರೆ ಜೇಬಿನಲ್ಲಿರಲಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಬದಲಾಗುತ್ತದೆಂಬುದು ನೆನಪಿರಲಿ. ಮಾರ್ಚ್‌ನಲ್ಲಿ ಮರೆತರೆ ನೀವು ಮುಟ್ಟುವ ಹೊತ್ತಿಗೆ ಆರಾಧನೆ ಮುಗಿದಿರುತ್ತದೆ.

ಆರಾಧನೆಯ ನಡುವೆ ಆರ್ಗನ್ ‘ನೂನ್ ಡಾಂಕೆಟ್’ ಎಂಬ ಹಳೆಯ ಜರ್ಮನ್ ಸ್ತುತಿಗೀತೆ ನುಡಿಸಿದರೆ ಧಾರವಾಡ, ಗದಗ, ಹುಬ್ಬಳ್ಳಿಯ ಬಾಸೆಲ್ ಮಿಶನ್ ಸಭೆಗಳಲ್ಲಿ ಬೆಳೆದವರ ಕಿವಿ ನಿಮಿರುತ್ತದೆ. ಕನ್ನಡದ ಹಳೆಯ ಸಂಗೀತ ಪುಸ್ತಕಗಳಲ್ಲಿ ಜರ್ಮನ್ ರಾಗಗಳಿಗೆ ಹೊಂದಿಸಿದ ಹಾಡುಗಳು ಬೇಕಾದಷ್ಟಿವೆ. ರಾಗ ಗುರುತು ಸಿಕ್ಕರೆ ಕನ್ನಡದಲ್ಲೇ ಹಾಡಿ, ಯಾರೂ ತಪ್ಪು ತಿಳಿಯುವುದಿಲ್ಲ. ಅವರ ಹಾಡಿನ ಪುಸ್ತಕದಲ್ಲಿ ಇನ್ನೊಂದು ಸಂಗತಿ ಗಮನಿಸಿ: ಕೆಲವು ಹಾಡುಗಳ ಸಂಖ್ಯೆಯ ಬಳಿ ತಲೆಯ ಮೇಲೆ ಎರಡು ಚುಕ್ಕೆಯ ‘ಓ’ ಅಕ್ಷರವಿರುತ್ತದೆ. ಬೇರೆ ಸಭೆಗಳೊಂದಿಗೆ ಸೇರಿ ಒಪ್ಪಿಕೊಂಡ ಪಾಠ ಅದು ಎಂಬುದರ ಗುರುತು. ಕಥೋಲಿಕರ ಪುಸ್ತಕ ತೆರೆದರೂ ಅದೇ ಗುರುತು. ಅವರ ಕರ್ತನ ಪ್ರಾರ್ಥನೆಯ ಪಾಠವೂ ಇಬ್ಬರಿಗೂ ಒಂದೇ.

ಬಿಬೆರಾಖ್ ಎಂಬ ಊರಿನ ಸಂತ ಮಾರ್ಟಿನ್ ದೇವಾಲಯವನ್ನು 1548ರಿಂದ ಎರಡೂ ಪಂಗಡದವರು ಹೊತ್ತು ಹಂಚಿಕೊಂಡು ಬಳಸುತ್ತಿದ್ದಾರೆ. ಧರ್ಮದ ಹೆಸರಿನಲ್ಲಿ ಯುದ್ಧ ನಡೆದ ನಾಡಿನಲ್ಲಿ ಒಂದು ವೇಳಾಪಟ್ಟಿ ಇಷ್ಟು ಕಾಲ ಬಾಳಿದೆ. ಬಿಡುವಿದ್ದರೆ ಆ ಸೋಮವಾರ ಅಲ್ಲಿಗೆ ಹೋಗಿ ಬನ್ನಿ.

ತೊಡಕು ಬರುವುದು ಕರ್ತನ ಭೋಜನದಲ್ಲಿ, ಅಂದರೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿಯಲ್ಲಿ. ಆ ಸಭೆ ದೀಕ್ಷಾಸ್ನಾನವಾದ ಎಲ್ಲ ಕ್ರೈಸ್ತರನ್ನೂ ಮೇಜಿಗೆ ಕರೆಯುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಸಿಎನ್‌ಐ, ಮೆಥೊಡಿಸ್ಟರಿಗೆ ಅಡ್ಡಿಯಿಲ್ಲ. ಮಂಗಳೂರು ಮೂಲದ ಕಥೋಲಿಕರಿಗಾದರೆ ಕರೆಯುವವರು ಕರೆದರೂ ಅವರ ಸ್ವಂತ ಸಭೆಯ ಕಾನೂನು ಅನುಮತಿಸುವುದಿಲ್ಲ. ಕೇರಳದ ಆರ್ಥೊಡಾಕ್ಸರಿಗೂ ಹಾಗೆಯೇ. ಇಲ್ಲಿ ಎಡವುವುದು ಸಂಕೋಚದಿಂದ. ಅತಿಥಿಯಾಗಿ ಬೇಡವೆನ್ನುವುದು ಹೇಗೆ ಎಂದು ಮನಸ್ಸಿಲ್ಲದೆ ಎದ್ದುಹೋಗುವವರಿದ್ದಾರೆ. ಕಾರಣ ಹೇಳದೆ ಕೂತೇ ಇದ್ದು ಮನೆಯವರಿಗೆ ಏನೋ ನೋವಾಗಿದೆಯೆಂಬ ಅನುಮಾನ ಹುಟ್ಟಿಸುವವರೂ ಇದ್ದಾರೆ. ಶನಿವಾರ ರಾತ್ರಿಯೇ ಎರಡು ಮಾತಿನಲ್ಲಿ ಹೇಳಿಬಿಡಿ. ಪಾದ್ರಿಗಳಿಗೆ ಇದು ಹೊಸದಲ್ಲ. ಅವರೇ ಪಕ್ಕದ ಕಥೋಲಿಕ ದೇವಾಲಯದ ಬಲಿಪೂಜೆಗೆ ಹೋದಾಗ ಪರಮಪ್ರಸಾದ ತೆಗೆದುಕೊಳ್ಳದೆ ಬೆಂಚಿನಲ್ಲೇ ಕೂತಿರುತ್ತಾರೆ, ಆಮೇಲೆ ಅಂಗಳದಲ್ಲಿ ಆ ಗುರುಗಳ ಜೊತೆ ಕಾಫಿ ಕುಡಿಯುತ್ತಾರೆ. ಸ್ಟುಟ್‌ಗಾರ್ಟಿನ ಗ್ರೀಕ್ ಆರ್ಥೊಡಾಕ್ಸ್ ಪೂಜೆಗೆ ಕರೆದುಕೊಂಡು ಹೋದರೆ ಕೊನೆಯಲ್ಲಿ ಕೊಡುವ ಆಶೀರ್ವದಿಸಿದ ರೊಟ್ಟಿ ಪರಮಪ್ರಸಾದವಲ್ಲ. ಹೊರಗಿನವರಿಗೂ ಸಾಮಾನ್ಯವಾಗಿ ಅದನ್ನು ಕೊಡುತ್ತಾರೆ, ಸಂತೋಷದಿಂದ ತೆಗೆದುಕೊಳ್ಳಿ. ನೀತೀಕರಣದ ಬಗ್ಗೆ, ಅಂದರೆ ಮನುಷ್ಯ ದೇವರ ಮುಂದೆ ನೀತಿವಂತನೆನಿಸುವುದು ಹೇಗೆಂಬ ಬಗ್ಗೆ, ಲೂಥರನ್ನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು, 2006ರಲ್ಲಿ ಮೆಥೊಡಿಸ್ಟರೂ ಅದರಲ್ಲಿ ಸೇರಿದರು. ಆದರೂ ಮೇಜು ಇನ್ನೂ ಒಂದಾಗಿಲ್ಲ. ಆ ನೋವನ್ನು ಒಳ್ಳೆಯ ಮಾತಿನಿಂದ ಮುಚ್ಚದೆ ಇಬ್ಬರೂ ಕಂಡಿದ್ದರೆ ಮಾತ್ರ ಈ ಗೆಳೆತನಕ್ಕೆ ಬೇರು ಇಳಿಯುತ್ತದೆಂದು ನನ್ನ ದೃಢ ನಂಬಿಕೆ.

ಇದರ ಅಭ್ಯಾಸಕ್ಕೆ ಜರ್ಮನಿಯೇ ಬೇಕಾಗಿಲ್ಲ. ಮುಂಬೈಯ ಒಂದೇ ಕಟ್ಟಡದಲ್ಲಿ ಕೊಂಕಣಿ ಮಾತಾಡಿ ಕನ್ನಡ ಲಿಪಿಯಲ್ಲಿ ಓದುವ ಕಥೋಲಿಕರು, ಬೀದರಿನ ಮೆಥೊಡಿಸ್ಟರು, ಧಾರವಾಡದ ಬಾಸೆಲ್ ಮಿಶನ್ನಿನವರು, ಕೇರಳದ ಮಾರ್ತೋಮಾದವರು ಸಿಗುತ್ತಾರೆ. ಸಿಎಸ್‌ಐಯವರಾದ ಧಾರವಾಡದವರು ಇಲ್ಲಿ ಸಿಎನ್‌ಐ ಸೇರುವುದು ಸಲೀಸು, ಎರಡರ ನಡುವೆ ಪೂರ್ಣ ಅನ್ಯೋನ್ಯತೆ ಇದೆ. ಬೀದರಿನವರ ಸಭೆ ಮಾತ್ರ 1970ರಲ್ಲಿ ಆರು ಸಭೆಗಳು ಸೇರಿ ಸಿಎನ್‌ಐ ಆದಾಗ ಹೊರಗೇ ಉಳಿಯಿತು. ಕ್ರಿಸ್‌ಮಸ್ಸಿಗೆ ಇವರೆಲ್ಲ ಕುಸ್ವಾರ್ ಎಂಬ ಹಬ್ಬದ ತಿಂಡಿಗಳ ತಟ್ಟೆ ಬದಲಾಯಿಸಿಕೊಳ್ಳುತ್ತಾರೆ, ಒಬ್ಬರ ದೇವಾಲಯಕ್ಕೆ ಇನ್ನೊಬ್ಬರು ಮದುವೆ, ಮಣ್ಣು ಬಿಟ್ಟರೆ ಹೋಗುವುದಿಲ್ಲ. ಹೊರಡುವ ಮುಂಚೆ ಒಂದು ಭಾನುವಾರ ಪಕ್ಕದ ಮನೆಯವರ ಜೊತೆ ಹೋಗಿ. ಕರ್ತನ ಪ್ರಾರ್ಥನೆಯಲ್ಲಿ ಬಲಿಪೂಜೆಯವರು ‘ಕೇಡಿನಿಂದ ತಪ್ಪಿಸು’ ಎಂಬಲ್ಲಿ ನಿಲ್ಲುತ್ತಾರೆ, ‘ರಾಜ್ಯವೂ ಬಲವೂ ಮಹಿಮೆಯೂ’ ಎಂಬುದು ಗುರುಗಳ ಒಂದು ಪ್ರಾರ್ಥನೆಯ ನಂತರ ಬರುತ್ತದೆ. ಒಬ್ಬರೇ ಗಟ್ಟಿಯಾಗಿ ಮುಂದುವರಿಯದಂತೆ ಅಲ್ಲಿ ನಾಲಗೆ ಹಿಡಿಯುವುದನ್ನು ಕಲಿತರೆ ಅರ್ಧ ದಾರಿ ನಡೆದಂತೆ.

ಪುಣೆಯವರಿಗೆ ಈ ದಾರಿಯಲ್ಲಿ ಹಿರಿಯಕ್ಕನಂತೆ ನಿಲ್ಲುವವರು ಪಂಡಿತಾ ರಮಾಬಾಯಿ. ಕನ್ನಡದ ನೆಲದಲ್ಲಿ 1858ರಲ್ಲಿ ಹುಟ್ಟಿದ ಅವರು 1883ರಲ್ಲಿ ಇಂಗ್ಲೆಂಡಿಗೆ ಹೋಗಿ ವಾಂಟೇಜಿನ ಆಂಗ್ಲಿಕನ್ ಸನ್ಯಾಸಿನಿಯರ ಬಳಿ ತಂಗಿದರು, ಅಲ್ಲೇ ದೀಕ್ಷಾಸ್ನಾನ ಪಡೆದರು. ಕ್ರೈಸ್ತರಲ್ಲಿ ಇಷ್ಟೊಂದು ಪಂಗಡಗಳೇ ಎಂದು ಬೆರಗಾಗಿ ಅದನ್ನು ಬಾಬೆಲ್ (ಬೈಬಲಿನ ಭಾಷೆಗಳ ಗೊಂದಲದ ಗೋಪುರ) ಎಂದೇ ಕರೆದರು. ಆ ಸನ್ಯಾಸಿನಿಯರಲ್ಲೊಬ್ಬರಾದ ಸಿಸ್ಟರ್ ಜೆರಾಲ್ಡೀನರೊಂದಿಗೆ ಸಿದ್ಧಾಂತದ ಮೇಲೆ ಪತ್ರಗಳಲ್ಲಿ ಬಿಡದೆ ವಾದಿಸಿದರು, ಅವರ ಸಭೆಯ ಅಧಿಕಾರಕ್ಕೆ ತಲೆಬಾಗಲು ಒಪ್ಪಲಿಲ್ಲ. ಅದೇ ಪತ್ರಗಳಲ್ಲಿ ಆಕೆಯನ್ನು ಕರೆದದ್ದು ‘ಆಜೀಬಾಯಿ’ ಎಂದು. ಮಗಳು ಮನೋರಮೆಯ ಓದನ್ನು ಆ ಸನ್ಯಾಸಿನಿಯರಿಗೇ ಒಪ್ಪಿಸಿದ್ದರು. ವಾದವೂ ಅಜ್ಜಿಯೆಂಬ ಕರೆಯೂ ಒಂದೇ ಲಕೋಟೆಯಲ್ಲಿ ಹೋಗುತ್ತಿದ್ದವು.

ಆರಾಧನೆಯ ಕೊನೆಗೆ ಅತಿಥಿಗಳು ನಾಲ್ಕು ಮಾತು ವಂದನೆ ಹೇಳಲಿ ಎಂದು ಕೇಳುವುದುಂಟು. ನಾಲ್ಕು ಎಂದರೆ ನಾಲ್ಕೇ. ಅನುವಾದ ಸೇರಿದರೆ ಹೊತ್ತು ಇಮ್ಮಡಿಯಾಗುತ್ತದೆ, ಹಾಗಾಗಿ ಎರಡು ನಿಮಿಷದಷ್ಟು ಬರೆದು ಹಿಂದಿನ ದಿನವೇ ಅನುವಾದಿಸುವವರ ಕೈಗೆ ಕೊಡಿ. ಸಿಕ್ಕ ಅವಕಾಶದಲ್ಲಿ ಪ್ರಸಂಗ ಮಾಡಬೇಡಿ.

ಹಣದ ಮಾತು ಕಹಿ, ಆದರೂ ಹೇಳಲೇಬೇಕು. ಊರಿನ ದೇವಾಲಯದ ಮಾಳಿಗೆಗೆ, ತಂಗಿಯ ಮಗನ ಓದಿಗೆ ಎಂದು ಆ ಕುಟುಂಬದ ಮುಂದೆ ಕೈಚಾಚಿದರೆ ಅವರು ಕೊಟ್ಟರೂ ಕೊಡದಿದ್ದರೂ ಸಂಬಂಧದ ಬಣ್ಣ ಬದಲಾಗುತ್ತದೆ. ಅಂದಿನಿಂದ ನಿಮ್ಮ ಪ್ರತಿ ಪತ್ರವನ್ನೂ ಅವರು ಸ್ವಲ್ಪ ಹೆದರಿಕೊಂಡೇ ಬಿಚ್ಚುತ್ತಾರೆ. ನಿಜವಾದ ಅಗತ್ಯವಿದ್ದರೆ ಸಭೆಯಿಂದ ಸಭೆಗೆ ಹೋಗುವ ಅಧಿಕೃತ ದಾರಿಯಿದೆ, ಲೆಕ್ಕಪತ್ರವೂ ಅಲ್ಲಿರುತ್ತದೆ. ಅವರು ತಾವಾಗಿ ಕೊಡಲು ಬಂದರೂ ಆ ದಾರಿಯನ್ನೇ ತೋರಿಸಿ.

ಬೆಳಗಿನ ತಿಂಡಿಯ ಮೇಜಿನ ಮೇಲೆ ಒಂದು ಪುಟ್ಟ ಪುಸ್ತಕ ಕಾಣುತ್ತದೆ, ‘ಲೋಸುಂಗನ್’. ಮೊರೇವಿಯನ್ ಸಹೋದರರ ಹೆರ್ನ್‌ಹುಟ್ ಎಂಬ ಊರಿನಲ್ಲಿ ಚೀಟಿ ಎತ್ತಿ ದಿನಕ್ಕೊಂದು ಹಳೆ ಒಡಂಬಡಿಕೆಯ ವಚನ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಚನವನ್ನು ಸೇರಿಸುತ್ತಾರೆ. 1731ರಿಂದ ಪ್ರತಿ ವರ್ಷ ಅಚ್ಚಾಗುತ್ತಿದೆ. ಲೂಥರನ್ನರು, ಮೆಥೊಡಿಸ್ಟರು, ಕಥೋಲಿಕರು ಎಲ್ಲರಲ್ಲೂ ಓದುವವರಿದ್ದಾರೆ. ಮೊಬೈಲ್ ನೋಡುತ್ತ ಕೂರದೆ ಆ ಹೊತ್ತಿಗೆ ನಿಮ್ಮ ಕನ್ನಡ ಬೈಬಲ್ ತೆರೆದಿಟ್ಟುಕೊಂಡು ಅದೇ ವಚನ ಹುಡುಕಿ ಓದಿ. ಕೀರ್ತನೆಗಳಲ್ಲಿ ವಚನಗಳ ಎಣಿಕೆಯಲ್ಲಿ ಒಮ್ಮೊಮ್ಮೆ ಒಂದರ ವ್ಯತ್ಯಾಸ ಬರುತ್ತದೆ, ಹಿಂದಿನದನ್ನೋ ಮುಂದಿನದನ್ನೋ ನೋಡಿದರೆ ಸಿಗುತ್ತದೆ. ಹೊರಡುವಾಗ ಒಂದು ಪ್ರತಿ ಕೇಳಿ ತನ್ನಿ. ಅಲ್ಲಿ ಬೆಳಗಿನ ಏಳು ಎಂದರೆ ಪುಣೆಯಲ್ಲಿ ಬೇಸಿಗೆಯಲ್ಲಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ಆ ಹೊತ್ತಿಗೆ ಇಲ್ಲಿ ಸಾರು ಕುದಿಯುತ್ತಿರುತ್ತದೆ. ಒಲೆಯ ಪಕ್ಕದ ಕಟ್ಟೆಯ ಮೇಲೆ ಪುಸ್ತಕಕ್ಕೊಂದು ಜಾಗ ಮಾಡಿಕೊಳ್ಳಿ.